ಅತ್ತೆಯನ್ನು ಕೂರಿಸಿದ ಕಥೆ

ಮರೆವಿನ ಕಾಯಿಲೆ ಇರುವವರ ಮನೆಯಲ್ಲಿ ಅಳು ಬಿಟ್ಟು ಬೇರೇನೂ ಇರುವುದಿಲ್ಲ ಅಂತ ಹೊರಗಿನವರು ತಿಳಿದಿರುತ್ತಾರೆ. ನಮ್ಮ ಮನೆಯಲ್ಲಂತೂ ಅತ್ತೆಯನ್ನು ಒಂದು ಕಡೆ ಕೂರಿಸುವ ವಿಷಯಕ್ಕೇ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇತ್ತು. ಈಗಲೂ ನಾನೂ ನಮ್ಮನೆಯವರೂ ಊಟಕ್ಕೆ ಕೂತಾಗ ಯಾವುದಾದರೊಂದು ನೆನಪಾಗಿ, ತುತ್ತು ಗಂಟಲಿಗೆ ಸಿಕ್ಕಿಕೊಳ್ಳುವ ಹಾಗೆ ನಗುತ್ತೇವೆ.

ನಮ್ಮದು ಕೊಳ್ಳೇಗಾಲದ ಹತ್ತಿರ ಮುಳ್ಳೂರು. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ನಾನು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದೆ. ನಮ್ಮನೆಯವರು ಕರೆಂಟಿನ ಲೈನ್‌ಮನ್, ಡ್ಯೂಟಿ ಹನೂರು ಕಡೆ. ಅವರ ತಾಯಿಯೇ ನಮ್ಮತ್ತೆ. ಮಾವ ತೀರಿಕೊಂಡಾಗ ಮಕ್ಕಳಿನ್ನೂ ಚಿಕ್ಕವರು. ಅವತ್ತಿನಿಂದ ಗದ್ದೆಗೆ ನೀರು ಕಟ್ಟಿದ್ದು, ಆಳು ಕರೆದದ್ದು, ಸಂತೆಗೆ ಹೋಗಿ ಎತ್ತು ಆರಿಸಿ ತಂದದ್ದು ಎಲ್ಲ ಅತ್ತೆಯೇ. ಎಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಬಂದಾಗ ಆಕೆ ಕೂತದ್ದನ್ನು ಕಂಡದ್ದು ಊಟದ ಹೊತ್ತಿನಲ್ಲಿ ಮಾತ್ರ. ಊರಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಅತ್ತೆಯನ್ನು ಕರೆಯುತ್ತಿದ್ದರು. ಹೋಗಿ, ನಿಂತುಕೊಂಡೇ ಎರಡು ಮಾತಾಡಿ, ಮುಗಿಸಿ ಬರುತ್ತಿದ್ದರು.

ಇಂಥವರಿಗೆ ಮರೆವು ಬಂತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಆಮೇಲೊಂದು ದಿನ ನನ್ನನ್ನೇ ನೋಡಿ, "ನೀನು ಯಾರ್ ಮಗಳವ್ವ, ಯಾವೂರು?" ಅಂದರು. ಅದಾದ ಮೇಲೆ ಜಗಲಿಯ ಅಂಚಿನಲ್ಲಿ ಕೂತವರು ಕೆಳಕ್ಕೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕೊಳ್ಳೇಗಾಲದ ಡಾಕ್ಟರು ಕೈಗೆ ಕಟ್ಟು ಹಾಕಿ, "ಈ ಸಲ ಕೈ ಹೋಯ್ತು, ವಾಸಿಯಾಗತ್ತೆ. ಮುಂದಿನ ಸಲ ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡೋದು ಕಷ್ಟ. ನೆಲದ ಮೇಲೂ ಬೇಡ, ಜಗಲಿ ಮೇಲೂ ಬೇಡ, ಒಂದು ಒಳ್ಳೇ ಕುರ್ಚಿ ನೋಡಿ" ಅಂದರು. ಒಳ್ಳೆಯ ಕುರ್ಚಿ ಅಂದರೆ ಎಂಥದ್ದು ಅಂತ ಕೇಳುವುದಕ್ಕೆ ನಮಗೆ ಆಗ ಹೊಳೆಯಲಿಲ್ಲ. ಕುರ್ಚಿಯಲ್ಲಿ ಒಳ್ಳೆಯದು ಕೆಟ್ಟದ್ದು ಇರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ನೆಂಟರ ಕುರ್ಚಿ

ಕೈಯ ಕಟ್ಟು ಬಿಚ್ಚಿಸಿದ ದಿನ ಸಾಯಂಕಾಲ ನಮ್ಮನೆಯವರು ಬಸ್ಸಿನ ಮೇಲೆ ಹಾಕಿಸಿಕೊಂಡು ಒಂದು ಬಿಳೀ ಪ್ಲಾಸ್ಟಿಕ್ ಕುರ್ಚಿ ತಂದರು. ಆಗ ಅದು ಹೊಸದು, ಮದುವೆ ಮನೆಗಳಲ್ಲಿ ಮಾತ್ರ ನೋಡಿದ್ದೆವು. ನಡುಮನೆಯಲ್ಲಿ ಇಟ್ಟು, "ಕುಂತ್ಕಳವ್ವ" ಅಂದರು. ಅತ್ತೆ ಕುರ್ಚಿಯ ಸುತ್ತ ಒಂದು ಸಲ ನಡೆದು, ಸೆರಗಿನಿಂದ ಅದನ್ನು ಒರೆಸಿ, ಪಕ್ಕದಲ್ಲಿ ಕೈಕಟ್ಟಿ ನಿಂತುಕೊಂಡರು.

"ಯಾಕತ್ತೆಮ್ಮ, ಕೂರಲ್ವಾ?" ಅಂದೆ.

"ನೆಂಟ್ರಿಗೆ ಮಡಗಿರದಲ್ವಾ? ಅವ್ರು ಬರ್ಲಿ ಕಣಮ್ಮಿ."

ಬೆಳಗ್ಗೆ ಎದ್ದರೂ ಅದೇ. ಕೂರಿಸುವುದಕ್ಕೆ ತಂದ ಕುರ್ಚಿಯಿಂದ ಅತ್ತೆ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುವ ಹಾಗಾಯಿತು. ಕೊನೆಗೆ ನಮ್ಮನೆಯವರು ಉಪಾಯ ಮಾಡಿ, "ಅವ್ವ, ನೆಂಟ್ರು ಬರೋವರ್ಗೂ ಯಾರಾದ್ರೂ ಜಾಗ ಹಿಡ್ಕಂಡಿರ್ಬೇಕು" ಅಂದರು. ಆ ಮಾತು ಒಪ್ಪಿಗೆಯಾಗಿ ಕೂತರು. ನಮಗೆ ಗೆದ್ದಷ್ಟು ಸಂತೋಷ.

ಏಳುವಾಗ ಗೊತ್ತಾಯಿತು ಅದರ ಬುದ್ಧಿ. ಅತ್ತೆ ಕುರ್ಚಿಯ ಕೈಗಳ ಮೇಲೆ ಭಾರ ಬಿಟ್ಟು ಎದ್ದರೆ, ಹಗುರವಾದ ಅದು ನುಣ್ಣಗಿದ್ದ ಸಿಮೆಂಟು ನೆಲದ ಮೇಲೆ ಸರ್ರನೆ ಹಿಂದಕ್ಕೆ ಜಾರಿತು. ನಾನು ಮಿಷನ್ ಬಿಟ್ಟು ಓಡಿಬಂದು ಅತ್ತೆಯನ್ನು ತಬ್ಬಿ ಹಿಡಿದೆ. ಅತ್ತೆ ಮಾತ್ರ ಕತ್ತು ಹಿಂದಕ್ಕೆ ತಿರುಗಿಸಿ, ಬಾಗಿಲವರೆಗೂ ಹೋಗಿ ನಿಂತ ಕುರ್ಚಿಯನ್ನೇ ನೋಡುತ್ತಿದ್ದರು.

"ನೆಂಟ್ರು ಒಂಟೇಬುಟ್ರಲ್ಲಮ್ಮಿ," ಅಂದರು. "ಕಾಪಿ ಕೊಟ್ಯೋ ಇಲ್ವೋ?"

ತೊಟ್ಟಿಲು

ಪ್ಲಾಸ್ಟಿಕ್ ಕುರ್ಚಿ ಮೂಲೆ ಸೇರಿತು. ನಮ್ಮ ನಾದಿನಿಯನ್ನು ಯಳಂದೂರು ತಾಲ್ಲೂಕಿನ ಅಗರಕ್ಕೆ ಕೊಟ್ಟಿತ್ತು. ಅವರ ಯಜಮಾನರು ಮೇಷ್ಟ್ರು. ವಿಷಯ ಕೇಳಿ, ತಮ್ಮ ತಂದೆಯ ಕಾಲದ ಆರಾಮ ಕುರ್ಚಿಯನ್ನು ತಾವೇ ಗಾಡಿಗೆ ಹಾಕಿಸಿ ಕಳಿಸಿದರು. ಎರಡು ಮರದ ಚೌಕಟ್ಟು, ನಡುವೆ ಜೋತುಬಿದ್ದ ಬಟ್ಟೆ. ಬಟ್ಟೆ ಹಳೆಯದಾಗಿತ್ತು ಅಂತ ನಾನು ದಪ್ಪ ಕ್ಯಾನ್ವಾಸು ತರಿಸಿ, ಎರಡು ವರಸೆ ಹೊಲಿಗೆ ಹಾಕಿ, ಎಮ್ಮೆ ಕೂತರೂ ಹರಿಯದ ಹಾಗೆ ಮಾಡಿದೆ.

ಅತ್ತೆಯನ್ನು ಅದರಲ್ಲಿ ಕೂರಿಸಿದೆವು. ಕೂತರು ಅನ್ನುವುದಕ್ಕಿಂತ ಒಳಕ್ಕೆ ಹೋದರು ಅನ್ನಬೇಕು. ಸೊಂಟ ಕೆಳಗೆ, ಮಂಡಿ ಮೇಲೆ, ಕಾಲು ನೆಲಕ್ಕೆ ತಾಗದು. ಬೀಳುವ ಭಯವೇನೋ ಇರಲಿಲ್ಲ, ಏಳುವ ದಾರಿಯೂ ಇರಲಿಲ್ಲ. ಎರಡೂ ಕಡೆ ಬಟ್ಟೆ ಮುಟ್ಟಿ ನೋಡಿ ನನ್ನನ್ನು ಕರೆದರು.

"ತೊಟ್ಲಿಗೆ ಆಕುದ್ರಾ ನನ್ನ?"

"ತೊಟ್ಲಲ್ಲ ಅತ್ತೆಮ್ಮ, ಕುರ್ಚಿ."

"ಇರ್ಲಿ. ತೊಟ್ಲಿಗೆ ಆಕುದ್ಮೇಲೆ ಎಸ್ರು ಮಡಗ್ಬೇಕಲ್ಲ. ಏನ್ ಮಡಗುದ್ರಿ?"

ಆಗಷ್ಟೇ ಅವರಿಗೆ ತಮ್ಮ ಹೆಸರೇ ಆಗಾಗ ಮರೆಯುವುದಕ್ಕೆ ಶುರುವಾಗಿತ್ತು. ಕೇಳಿದರೆ ಗಾಬರಿಯಾಗುತ್ತಾರೆ ಅಂತ ನಾವೂ ಕೇಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವರ ಹೆಸರನ್ನೇ ಅವರ ಕಿವಿಯಲ್ಲಿ ಮೆಲ್ಲಗೆ ಹೇಳಿದೆ, ನಾಮಕರಣದಲ್ಲಿ ಹೇಳುವ ಹಾಗೆ. ಅತ್ತೆ ಅದನ್ನು ಒಂದೆರಡು ಸಲ ಬಾಯಲ್ಲಿ ಹೇಳಿಕೊಂಡು ನೋಡಿದರು. ಮುಖ ಅರಳಿತು.

"ಚೆಂದಾಗದೆ. ಯಾರ್ ಆರ್ಸಿದ್ದು?"

ನನಗೆ ಕಣ್ಣಲ್ಲಿ ನೀರು ಬಂತು. ಅದನ್ನು ಅತ್ತೆ ನೋಡಿದರೋ ಏನೋ, ನನ್ನ ಗಲ್ಲ ಮುಟ್ಟಿ, ಎರಡೂ ಕೈ ಮೇಲಕ್ಕೆ ಚಾಚಿದರು.

"ಎಸ್ರಾಯ್ತಲ್ಲ, ಇನ್ನ ಎತ್ಕೊಳಿ. ಕೂಸು ಒಲದ ಕಡೆ ಓಗ್ಬೇಕು."

ಎತ್ತುವುದಕ್ಕೆ ನಾನೂ ನಮ್ಮನೆಯವರೂ ಸಾಲದೆ, ಪಕ್ಕದ ಮನೆಯವರನ್ನು ಕೂಗಬೇಕಾಯಿತು.

ಕಂಬದ ಬೆಲ್ಟು

ನಮ್ಮನೆಯವರಿಗೆ ಆಗ ತಮ್ಮ ಕಸುಬಿನ ಬುದ್ಧಿ ಬಂತು. ಲೈನ್‌ಮನ್ನುಗಳು ಕಂಬ ಹತ್ತುವಾಗ ಸೊಂಟಕ್ಕೂ ಕಂಬಕ್ಕೂ ಸೇರಿಸಿ ಹಾಕಿಕೊಳ್ಳುವ ದಪ್ಪ ಬೆಲ್ಟು ಇರುತ್ತದೆ. ಹಳೆಯದೊಂದನ್ನು ಮನೆಗೆ ತಂದರು.

"ನನ್ನ ಕಂಬದ ಮೇಲೆ ಇಡ್ಕಂಡಿರೋದೇ ಇದು. ಅವ್ವನ್ನ ಕುರ್ಚಿ ಮೇಲೆ ಇಡ್ಕಳಲ್ವಾ?"

"ಅತ್ತೆಮ್ಮ ಏನು ಕಂಬ ಹತ್ತುತಾರಾ?" ಅಂತ ನಾನು ಬೇಡವೆಂದೆ. ಅವರು ಕೇಳಲಿಲ್ಲ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ತಂದು, ಗೋಡೆಗೆ ಒತ್ತಿ ಇಟ್ಟು, ಅತ್ತೆಯನ್ನು ಕೂರಿಸಿ, ಸೊಂಟದ ಸುತ್ತ ಬೆಲ್ಟು ಬಳಸಿ ಕುರ್ಚಿಯ ಬೆನ್ನಿಗೆ ಹುಕ್ಕು ಹಾಕಿದರು.

"ಇದ್ಯಾಕ್ಲಾ ಮಗ?"

"ಬೀಳ್ದಂಗೆ ಕಣವ್ವ."

ಅತ್ತೆ ಬೆಲ್ಟನ್ನೊಮ್ಮೆ ಸವರಿ ನೋಡಿ ಬೆನ್ನು ಒರಗಿಸಿದರು. ನಮ್ಮನೆಯವರು ನೋಡಿದೆಯಾ ಅನ್ನುವ ಹಾಗೆ ನನ್ನ ಕಡೆ ತಿರುಗಿ, ಕೈಕಾಲು ತೊಳೆಯುವುದಕ್ಕೆ ಹಿತ್ತಲಿಗೆ ಹೋದರು. ನಾನು ಒಲೆಯ ಮೇಲಿದ್ದ ಹಾಲು ಇಳಿಸಿ ಬರುವಷ್ಟರಲ್ಲಿ ಗೋಡೆಯ ಪಕ್ಕ ಅತ್ತೆಯೂ ಇಲ್ಲ, ಕುರ್ಚಿಯೂ ಇಲ್ಲ.

ಬಾಗಿಲಿಗೆ ಓಡಿದೆ. ಅತ್ತೆ ಬೀದಿಯ ನಡುವೆ, ಸೊಂಟ ಬಗ್ಗಿಸಿ, ಬೆನ್ನ ಮೇಲೆ ಕುರ್ಚಿ ಹೊತ್ತುಕೊಂಡು ಆಮೆಯ ಹಾಗೆ ನಡೆದು ಹೋಗುತ್ತಿದ್ದರು. ಕುರ್ಚಿಯ ನಾಲ್ಕು ಕಾಲೂ ಹಿಂದಕ್ಕೆ ಚಾಚಿಕೊಂಡಿದ್ದವು. ಎಡವಿದ್ದರೆ ಮುಖ ಅಡಿಯಾಗಿ ಬೀಳುತ್ತಿದ್ದರು. ನಾನು ಹಿಂದಿನಿಂದ ಕುರ್ಚಿಯ ಕಾಲು ಹಿಡಿದುಕೊಂಡೆ. ಎದುರಿಗೆ ನೀರಿನ ಬಿಂದಿಗೆ ಹೊತ್ತು ಬಂದ ಹೆಂಗಸೊಬ್ಬಳು ನಿಂತು, "ಇದೇನ್ ದೊಡ್ಡವ್ವ, ಎಲ್ಲಿಗೊಂಟ್ರಿ?" ಅಂದಳು.

ಅತ್ತೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು:

"ಎಲ್ಲೋದ್ರೂ ಕುಂತ್ಕಳಕ್ಕಾಗ್ಲಿ ಅಂತ ನಮ್ಮ ಹೈದ ಬೆನ್ಗೇ ಕಟ್ಟವ್ನೆ ಕಣವ್ವ. ನಿಮ್ಮ ಮಕ್ಳು ಕಟ್ಟಿಲ್ವಾ?"

ಹಲ್ಲು ನೋಡಿದ್ದು

ಈ ಸಲ ಡಾಕ್ಟರ ಹತ್ತಿರ ಹೋಗಿ ಸರಿಯಾಗಿ ಕೇಳಿದೆ. ಬೆಲ್ಟಿನ ವಿಷಯ ಕೇಳಿ ಅವರು ನಗಲಿಲ್ಲ. "ಯಾವತ್ತೂ ಕಟ್ಟಬೇಡಿ. ಬಿಡಿಸಿಕೊಳ್ಳೋಕೆ ಹೋಗಿಯೇ ಬೀಳ್ತಾರೆ. ಕುರ್ಚಿ ಭಾರವಾಗಿರಬೇಕು, ಜಾರಬಾರದು. ಎರಡು ಗಟ್ಟಿ ಕೈ ಇರಬೇಕು. ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು" ಅಂದರು.

ಅಂಥದ್ದು ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಅತ್ತೆ ಗಿಡ್ಡ. ನಮ್ಮನೆಯವರು ಹನೂರಿನಿಂದ ತಮಗೆ ಗುರುತಿದ್ದ ಒಬ್ಬ ಮರಗೆಲಸದವನನ್ನು ಕರೆದುಕೊಂಡು ಬಂದರು. ಮನೆಮಾತು ತಮಿಳು, ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದ. ವಯಸ್ಸಾದ ಹೆಂಗಸರನ್ನು ಮಾತ್ರ ತಮಿಳಿನಲ್ಲಿ ಪಾಟಿ ಅನ್ನುತ್ತಿದ್ದ, ಅಜ್ಜಿ ಅನ್ನುವುದಕ್ಕೆ. ಅತ್ತೆಯ ಹಿಮ್ಮಡಿಯಿಂದ ಮಂಡಿಯವರೆಗೆ ದಾರ ಹಿಡಿದು ಅಳತೆ ತೆಗೆದುಕೊಂಡು ಹೋಗಿ, ಕೆಲವು ದಿನ ಬಿಟ್ಟು ಬೇವಿನ ಮರದ ಕುರ್ಚಿ ತಂದು ಅಂಗಳದಲ್ಲಿ ಇಳಿಸಿದ.

ಅತ್ತೆ ಹೊರಗೆ ಬಂದರು. ಕುರ್ಚಿಯನ್ನು ಕಂಡದ್ದೇ ಅವರ ನಡಿಗೆಯೇ ಬದಲಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಸುತ್ತು ಬಂದರು. ಬೆನ್ನಿನ ಹಲಗೆಯ ಮೇಲೆ ಅಂಗೈಯಿಂದ ಎರಡೇಟು ಹಾಕಿದರು. ಬಗ್ಗಿ ಕಾಲುಗಳನ್ನು ಒಂದೊಂದಾಗಿ ಸವರಿದರು. ನಮ್ಮನೆಯವರು ನನ್ನ ಕಿವಿಯಲ್ಲಿ, "ನಾನು ಚಿಕ್ಕವನಿದ್ದಾಗ ಸಂತೇಲಿ ಹಿಂಗೇ ಎತ್ತು ನೋಡೋಳು. ದಳ್ಳಾಳಿಗಳು ಇವಳನ್ನ ಕಂಡ್ರೆ ಕುಂಟೆತ್ತನ್ನ ಹಿಂದಕ್ಕೆ ಕಟ್ಟೋರು" ಅಂದರು.

"ಹಲ್ಲು ತೋರ್ಸಪ್ಪ," ಅಂದರು ಅತ್ತೆ.

ಮರಗೆಲಸದವನು ಒಂದು ಕ್ಷಣ ನಮ್ಮ ಮುಖ ನೋಡಿದ. ಆಮೇಲೆ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ.

"ಇನ್ನೂ ಹಾಲುಹಲ್ಲು ಪಾಟಿ. ಎಳೇದು."

"ಹಾಯ್ತದಾ?"

"ಮಕ್ಳು ಬಾಲ ಇಡ್ಕಂಡ್ರೂ ಸುಮ್ನಿರ್ತದೆ."

"ಉಳಕ್ಕೆ ಕಟ್ಟಿದ್ಯಾ?"

"ಇಲ್ಲ ಪಾಟಿ. ಮನೇಲಿ ಕಟ್ಕಳಕ್ಕೆ ಅಂತ್ಲೇ ಸಾಕಿದ್ದು."

ಅತ್ತೆ ಒಪ್ಪಲಿಲ್ಲ. ಎರಡೂ ಕೈ ಹಿಡಿದು ಕುರ್ಚಿಯನ್ನು ಒಂದು ಸಲ ಅಲುಗಿಸಿ, "ಇಂಗಾಲು ಕುಂಟ್ತದೆ" ಅಂದರು. ಮರಗೆಲಸದವನು ಚಪ್ಪಡಿಯ ಮೇಲೆ ಇಟ್ಟು ನೋಡಿದ. ನಿಜ, ಹಿಂದಿನ ಎಡಗಾಲು ಕೂದಲೆಳೆಯಷ್ಟು ಗಿಡ್ಡ. ತನ್ನ ಹೆಸರೇ ಮರೆತಿದ್ದ ಹೆಂಗಸು ಅದನ್ನು ಕೈಯಲ್ಲೇ ಹಿಡಿದಿದ್ದರು. ಅವನು ಅಲ್ಲೇ ಕೂತು ಉಳಿದ ಕಾಲುಗಳನ್ನು ಉಜ್ಜಿ ಸಮ ಮಾಡಿದ. ಅತ್ತೆ ಕೂತರು. ಬೆನ್ನು ಒರಗಿತು, ಪಾದ ನೆಲಕ್ಕೆ ಊರಿತು. ನಾವೆಲ್ಲ ಉಸಿರು ಬಿಟ್ಟೆವು.

ಅವನು ಹೊರಡುವಾಗ ಅತ್ತೆ ಕೂಗಿ ಕರೆದರು.

"ಇದ್ರ ಜೊತೇದು ಎಲ್ಲಪ್ಪ? ಒಂಟಿ ಎತ್ತು ತಕಂಡು ನಾನೇನ್ ಮಾಡ್ಲಿ?"

ರವಿಕೆಯ ತೋಳು

ಕುರ್ಚಿ ಸರಿಯಾಯಿತು. ಆದರೆ ಅತ್ತೆ ಅದರಲ್ಲಿ ಕೂತಿರುತ್ತಿರಲಿಲ್ಲ, ನಿಮಿಷಕ್ಕೊಂದು ಸಲ ಎದ್ದು ಹೊರಡುತ್ತಿದ್ದರು. ಕುರ್ಚಿ ಇದ್ದದ್ದು ನಡುಮನೆಯಲ್ಲಿ, ಗೋಡೆ ನೋಡಿಕೊಂಡು. ಜೀವಮಾನವೆಲ್ಲ ಜನದ ನಡುವೆ ಇದ್ದವರಿಗೆ ಗೋಡೆ ಯಾಕೆ ಬೇಕು ಅಂತ ನನಗೆ ತಡವಾಗಿ ಹೊಳೆಯಿತು. ಕುರ್ಚಿಯನ್ನು ಎಳೆದು ತಂದು ನನ್ನ ಮಿಷನ್ ಪಕ್ಕ, ಬೀದಿಗೆ ಮುಖ ಮಾಡಿ ಹಾಕಿದೆ. ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಮಡಿಲಿಗೆ ಹಾಕಿ, "ಇದನ್ನೊಂಚೂರು ಮಡಚಿಕೊಡಿ ಅತ್ತೆಮ್ಮ, ನನಗೆ ಪುರಸೊತ್ತಿಲ್ಲ" ಅಂದೆ. ಸೋಜಿಗ ಅಂದರೆ ಇದು. ಮಧ್ಯಾಹ್ನದವರೆಗೆ ಅಲುಗಲಿಲ್ಲ. ಚೂರುಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡಿ, ಮೂಲೆಗೆ ಮೂಲೆ ಸೇರಿಸಿ, ನಾನು ಹೊಲಿಯುವುದಕ್ಕಿಂತ ನೀಟಾಗಿ ಮಡಚಿಟ್ಟರು. ಕೂರಿಸುವುದಕ್ಕೆ ಬೆಲ್ಟು ಬೇಕಿರಲಿಲ್ಲ, ಕೆಲಸ ಬೇಕಿತ್ತು.

ತೊಂದರೆಯಾದದ್ದು ಒಂದೇ ಸಲ. ಸತ್ತೇಗಾಲಕ್ಕೆ ಮದುವೆಗೆ ಹೊರಟಿದ್ದ ಹೆಂಗಸೊಬ್ಬಳು ರೇಷ್ಮೆ ರವಿಕೆ ಹೊಲಿಯಲು ಕೊಟ್ಟಿದ್ದಳು. ಬಸ್ಸಿಗೆ ಹೊತ್ತಾಯಿತು ಅಂತ ಸೀರೆ ಉಟ್ಟೇ ಬಂದು ನಿಂತಳು. ರವಿಕೆಗೆ ಒಂದು ತೋಳು ಹಚ್ಚಿಯಾಗಿತ್ತು, ಇನ್ನೊಂದು ತೋಳಿಲ್ಲ. ಮಿಷನ್ ಕೆಳಗೆ, ಪೆಟ್ಟಿಗೆಯೊಳಗೆ, ಅವಳು ನಿಂತ ಜಾಗದಲ್ಲಿ ಎಲ್ಲ ಕಡೆ ಹುಡುಕಿದೆ. ಅವಳು ಅಳುವುದೊಂದು ಬಾಕಿ. "ಒಂದೇ ತೋಳಲ್ಲಿ ಎಂಗಕ್ಕ ಓಗ್ಲಿ?" ಅಂದಳು.

ಅತ್ತೆಯನ್ನು ಮೆಲ್ಲಗೆ ಎಬ್ಬಿಸಿ ನೋಡಿದರೆ, ನಾನು ಕುರ್ಚಿಗೆ ಹೊಲಿದು ಹಾಕಿದ್ದ ಮೆತ್ತೆಯ ಕೆಳಗೆ ತೋಳು ಮಡಚಿಕೊಂಡು ಬೆಚ್ಚಗಿತ್ತು. ಇಸ್ತ್ರಿ ಮಾಡಿದ ಹಾಗೆ ಗೆರೆ ಕೂಡ ಬಿದ್ದಿತ್ತು. ಬೇಗಬೇಗ ಹೊಲಿದು ಕೊಟ್ಟೆ. ಅವಳು ಹಾಕಿಕೊಂಡು ಓಡುವಾಗ ಅತ್ತೆ ನನ್ನ ಕಡೆ ಬಗ್ಗಿ, ಗುಟ್ಟು ಹೇಳುವ ಹಾಗೆ ಅಂದರು:

"ಪ್ಯಾಟೇಲಿ ತೋಳೇ ಇಲ್ದಿರದು ಆಕ್ತರಂತೆ. ಇನ್ನೊಂದ್ನೂ ಬಚ್ಚಿಟ್ಟಿದ್ರೆ ಅವ್ಳೂ ಒಂದ್ ದಿನ ಮೆರ್ದಾಳು."

ಸಾಹೇಬರ ಕೋಣೆ

ಅತ್ತೆ ತೀರಿಕೊಂಡು ಈಗ ಒಂದೆರಡು ವರ್ಷ ಆಯಿತು. ಹಾಸಿಗೆ ಹಿಡಿಯುವ ತನಕ ಮತ್ತೊಂದು ಸಲ ಬೀಳಲಿಲ್ಲ. ಅದೊಂದು ನನ್ನ ಮನಸ್ಸಿಗೆ ಸಮಾಧಾನ. ಈ ಕೊನೆಯ ಪ್ರಸಂಗ ಅವರು ಇನ್ನೂ ಕೈ ಹಿಡಿದುಕೊಂಡು ಓಡಾಡುತ್ತಿದ್ದಾಗ ನಡೆದದ್ದು. ನೆನೆಸಿಕೊಂಡರೆ ಅಂಥ ಹೆಂಗಸಿನ ಸೊಸೆಯಾಗಿದ್ದೆನಲ್ಲ ಅಂತ ಹೆಮ್ಮೆಯಾಗುತ್ತದೆ.

ಜಮೀನಿನ ಕೆಲಸಕ್ಕೆ ಅತ್ತೆಯ ಹೆಬ್ಬೆಟ್ಟು ಬೇಕು ಅಂತ ಕೊಳ್ಳೇಗಾಲದ ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆವು. ಹೊರಗೆ ಪಡಸಾಲೆಯಲ್ಲಿ ಉದ್ದನೆಯ ಬೆಂಚು. ಒರಗುವುದಕ್ಕಿಲ್ಲ, ಹಿಡಿದು ಏಳುವುದಕ್ಕೆ ಕೈಯಿಲ್ಲ. ನಾನು ಒತ್ತಿಕೊಂಡು ಪಕ್ಕದಲ್ಲೇ ಕೂತೆ. ನಮ್ಮನೆಯವರು ಗುಮಾಸ್ತರನ್ನು ಹುಡುಕಿಕೊಂಡು ಹೋದರು. ಅತ್ತೆ ನೀರು ಕೇಳಿದರು. ಎದ್ದು ಹೋಗಿ, ಲೋಟ ತೊಳೆದು, ನೀರು ಹಿಡಿದುಕೊಂಡು ಬರುವಷ್ಟರಲ್ಲಿ ಬೆಂಚು ಖಾಲಿ.

ಗಾಬರಿಯಿಂದ ಒಂದೊಂದೇ ಬಾಗಿಲಲ್ಲಿ ಇಣುಕುತ್ತಾ ಹೋದೆ. ದೊಡ್ಡ ಕೋಣೆಯಲ್ಲಿ, ದೊಡ್ಡ ಮೇಜಿನ ಹಿಂದೆ, ಸಾಹೇಬರ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಕುರ್ಚಿಗಳ ವಿಷಯದಲ್ಲಿ ನನ್ನ ಕಣ್ಣು ಅಷ್ಟು ಹೊತ್ತಿಗೆ ಪಳಗಿತ್ತು. ಭಾರವಾದ ಮರ, ಅಗಲವಾದ ಕೈ, ಅಲುಗದ ಕಾಲು, ಪಾದಕ್ಕೆ ಕೆಳಗೊಂದು ಮಣೆ. ಇಡೀ ಕಚೇರಿಯಲ್ಲಿ ಸರಿಯಾದದ್ದನ್ನೇ ಆರಿಸಿಕೊಂಡಿದ್ದರು.

ಎದುರಿಗೆ ಒಬ್ಬ ರೈತ ಕೈಮುಗಿದು ನಿಂತಿದ್ದ. ಪಕ್ಕದ ಜಮೀನಿನವನು ಬದು ಉತ್ತುಕೊಂಡು ಬಂದಿದ್ದಾನೆ ಅಂತ ಅವನ ದೂರು. ಅತ್ತೆ ತಲೆ ಬಗ್ಗಿಸಿ ಪೂರ್ತಿ ಕೇಳಿದರು. ಊರಿನ ಜಗಳ ಬಿಡಿಸುತ್ತಿದ್ದ ಕಾಲದ ಅದೇ ಮುಖ.

"ಅಂವ್ನೂ ನೀನೂ ಮಾತಾಡೀರಾ?"

"ಇಲ್ಲ ಅಮ್ಮಾವ್ರೆ, ಮಾತು ಬುಟ್ಟು ಬಾಳ ಕಾಲ ಆಯ್ತು."

"ಮಾತ್ನೇ ಬುಟ್ಟವ್ನು ಬದ ಎಂಗ್ ಬುಟ್ಟಾನು? ನಾಳೆ ಬೆಳಿಗ್ಗೆ ಅಂವ್ನ ಮನೆಗೋಗಿ ಕಾಪಿ ಕುಡಿ. ಆಮೇಲೆ ಇಬ್ರೂ ಅಗ್ಗ ಇಡ್ದು ಅಳ್ತೆ ತಕಳಿ. ಒಂದ್ ತುದಿ ಅಂವ್ನಿಗೇ ಕೊಡು. ಓಗು."

ರೈತ ಬಾಗಿಲಲ್ಲಿ ನನ್ನನ್ನು ದಾಟುತ್ತಾ, "ಹೊಸ ಮೇಡಮ್ಮು ಬಾಳ ಒಳ್ಳೇರು ಕಣಕ್ಕ. ಒಂದ್ ಕಾಗ್ದನೂ ಕೇಳ್ನಿಲ್ಲ" ಅಂತ ಹೇಳಿ ಹೋದ.

ನಾನು ಒಳಗೆ ನುಗ್ಗುವಷ್ಟರಲ್ಲಿ ನಿಜವಾದ ಸಾಹೇಬರು ನನ್ನ ಹಿಂದೆಯೇ ಬಂದು ನಿಂತಿದ್ದರು. "ಸಾ, ನಮ್ಮತ್ತೆ, ಅವರಿಗೆ ಮರೆವು..." ಅಂದೆ. ಅವರು ಕೈ ಎತ್ತಿ ನನ್ನನ್ನು ತಡೆದು, ರೈತ ಹೋದ ದಿಕ್ಕನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು. ಆಮೇಲೆ ಒಳಗೆ ಹೋಗಿ ಎದುರಿನ ಕುರ್ಚಿಯ ಪಕ್ಕ ನಿಂತರು.

"ಕುಂತ್ಕಳಪ್ಪ," ಅಂದರು ಅತ್ತೆ. "ನಿಂದೇನು?"

ಸಾಹೇಬರು ಕೂತರು. ಮೊದಲು ತಮಾಷೆಗೇ ಶುರು ಮಾಡಿದರು ಅಂತ ಕಾಣುತ್ತದೆ. "ನಂದು ವರ್ಗದ ವಿಷಯ ಅಮ್ಮ. ಹೆಂಡ್ತಿ ಮಕ್ಕಳು ಹಾಸನದಲ್ಲಿ ಇದ್ದಾರೆ. ನಾನಿಲ್ಲಿ ಒಬ್ಬನೇ ರೂಮು ಮಾಡ್ಕೊಂಡಿದ್ದೀನಿ" ಅಂದರು. ಹೇಳುತ್ತಾ ಹೇಳುತ್ತಾ ದನಿ ಇಳಿಯಿತು. "ಚಿಕ್ಕ ಮಗಳು ನಾನು ಹೋದರೆ ಒಂದು ದಿನ ಗುರುತೇ ಹಿಡಿಯಲ್ಲ."

ಅತ್ತೆ ಮೇಜಿನ ಮೇಲಿಂದ ಕೈ ಚಾಚಿ ಅವರ ಕೈ ಹಿಡಿದುಕೊಂಡರು.

"ಹೆಂಡ್ರು ಮಕ್ಳ ಬುಟ್ಟು ಇಲ್ಲೇನ್ ಮಾಡೀಯೆ? ಓಗು. ಕೇಳ್ದೋರ್ಗೆ ನಾನ್ ಯೇಳ್ದೆ ಅಂತ ಯೇಳು."

ಸಾಹೇಬರು ತಲೆಯಾಡಿಸಿದರು. ಆಮೇಲೆ ತಾವೇ ಎದ್ದು ಮಸಿಯ ಡಬ್ಬಿ ತರಿಸಿ, ಕಾಗದ ಮುಂದಿಟ್ಟರು. ಅತ್ತೆ ತಕ್ಷಣ ಹೆಬ್ಬೆಟ್ಟು ಕೊಡಲಿಲ್ಲ. "ಓದಿ ಯೇಳು" ಅಂದರು. ಸಾಹೇಬರು ನಿಂತುಕೊಂಡೇ ಪೂರ್ತಿ ಓದಿ ಹೇಳಿದರು. ಆಮೇಲೆ ಅತ್ತೆ ಹೆಬ್ಬೆಟ್ಟು ಒತ್ತಿದರು.

ಕೆಲವು ವಾರ ಕಳೆದು ಅವರಿಗೆ ಹಾಸನಕ್ಕೇ ವರ್ಗವಾಯಿತು. ಊರು ಬಿಡುವ ದಿನ ಮುಳ್ಳೂರಿನಲ್ಲಿ ಜೀಪು ನಿಲ್ಲಿಸಿ, ಬಾಳೆಹಣ್ಣಿನ ಚಿಪ್ಪು ತಂದು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಹೋದರು. ಅತ್ತೆಗೆ ಅವರ ನೆನಪೇ ಇರಲಿಲ್ಲ. ಆದರೂ ತಲೆ ಮೇಲೆ ಕೈಯಿಟ್ಟು, "ಮಕ್ಳ ಚೆನ್ನಾಗ್ ನೋಡ್ಕಳಪ್ಪ" ಅಂದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಭಾನುವಾರ ಬೆಳಗ್ಗೆ ನಾನು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಅದೇ ಕಚೇರಿಯ ಗುಮಾಸ್ತರೊಬ್ಬರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಹಣ್ಣಿನ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಅವರ ಹಿಂದೆ, ಬೀದಿಯಲ್ಲಿ, ಇನ್ನೂ ಇಬ್ಬರು ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತಿದ್ದರು.

"ಅಮ್ಮಾವ್ರು ಬಿಡುವಾಗಿದ್ದಾರಾ?" ಅಂತ ಗುಮಾಸ್ತರು ಮೆಲ್ಲಗೆ ಕೇಳಿದರು.

ನಾನು ಎಣ್ಣೆಯ ಡಬ್ಬಿ ಕೆಳಗಿಟ್ಟೆ. ಅಷ್ಟರಲ್ಲಿ ನನ್ನ ಪಕ್ಕದ ಬೇವಿನ ಕುರ್ಚಿಯಿಂದ, ಬಟ್ಟೆ ಮಡಚುತ್ತಿದ್ದ ಕೈ ನಿಲ್ಲಿಸದೆಯೇ, ಅತ್ತೆ ಕರೆದರು.

"ಬಾಪ್ಪ, ಕುಂತ್ಕೊ. ನಿಂಗೆ ಯಾವೂರ್ಗೆ?"